ಥಂಡಿಗೆ ತಣ್ಣಗಾಗುವ ಕಾಲು, ಬಿಗಿಯುವ ಮನಸ್ಸು: ನಡಿಗೆಯೋ, ಬಿಸಿನೀರೋ, ಎಣ್ಣೆಯೋ, ಕಾಲುಚೀಲವೋ?

ಬಳ್ಳಾರಿ, ರಾಯಚೂರಿನಲ್ಲೂ ಚಳಿಯೇ ಎಂದು ಮಲೆನಾಡಿನವರು ನಗಬಹುದು. ಆದರೆ ಡಿಸೆಂಬರ್, ಜನವರಿಯಲ್ಲಿ ಇಲ್ಲಿ ನಸುಕಿಗೆ 15 ಡಿಗ್ರಿ ಆಸುಪಾಸು ಇದ್ದದ್ದು ಮಧ್ಯಾಹ್ನಕ್ಕೆ 30ರ ಹತ್ತಿರ ಬರುತ್ತದೆ. ಒಂದೇ ದಿನದಲ್ಲಿ ಎರಡು ಕಾಲ. ಮನೆಗಳನ್ನೂ ಬಿಸಿಲು ತಡೆಯಲೆಂದೇ ಕಟ್ಟಿದ್ದೇವೆ. ಬೇಸಿಗೆಯಲ್ಲಿ ಹಾಯೆನಿಸುವ ಶಹಾಬಾದ್ ಕಲ್ಲಿನ ನೆಲ ಈಗ ಅಂಗಾಲಿನ ಬಿಸಿಯನ್ನೆಲ್ಲ ಹೀರುತ್ತದೆ. ಬೆಳಿಗ್ಗೆ ಏಳುವಾಗ ಪಾದ ಮರಗಟ್ಟಿದಂತಿರುವುದು, ಕೂತಲ್ಲೇ ಕಾಲು ಜೋಮು ಹಿಡಿಯುವುದು, ಹೆಗಲು ಬಿಗಿಯುವುದು, ರಾತ್ರಿ ಹೊರಳಾಡಿದರೂ ನಿದ್ದೆ ಹತ್ತದಿರುವುದು, ಎಲ್ಲ ಒಟ್ಟಿಗೇ ಶುರುವಾಗುತ್ತವೆ.

ಒಟ್ಟಿಗೆ ಬರುವುದಕ್ಕೆ ಕಾರಣವಿದೆ. ಥಂಡಿ ತಗುಲಿದಾಗ ದೇಹ ಒಳಗಿನ ಬಿಸಿ ಉಳಿಸಿಕೊಳ್ಳಲು ಕೈಕಾಲಿನ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಚಿಂತೆ, ಗಾಬರಿಯಾದಾಗಲೂ ಅದೇ ನರವ್ಯೂಹ ಅದೇ ನಾಳಗಳನ್ನು ಬಿಗಿಯುತ್ತದೆ. ಸಾಲದ ಕಂತಿನ ಯೋಚನೆಯಲ್ಲಿ ಕೂತವನ ಬೆರಳ ತುದಿ ತಣ್ಣಗಾಗುವುದು ಇದರಿಂದಲೇ. ನಾಳ ಬಿಗಿದರೆ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರಿಗೆ ಚಳಿಗಾಲದ ಬೆಳಗು ಕಷ್ಟದ ಹೊತ್ತಾಗುವುದು ಹೀಗೆ.

ಇದಕ್ಕೆ ಅಂಗಡಿಯಲ್ಲೂ ಮೊಬೈಲಿನಲ್ಲೂ ಹತ್ತು ಉಪಾಯ ಮಾರುತ್ತಾರೆ, ಮನೆಯ ಹಿರಿಯರು ಹನ್ನೊಂದನೆಯದು ಹೇಳುತ್ತಾರೆ. ಎಲ್ಲ ಮಾಡಲು ಹೊತ್ತೂ ಇಲ್ಲ, ದುಡ್ಡೂ ಇಲ್ಲ. ಯಾವುದು ಯಾರಿಗೆ ಎಂಬುದನ್ನು ಇಲ್ಲಿ ತೂಗಿ ನೋಡೋಣ.

ಮೊದಲು ನಿಮ್ಮ ಕಾಲನ್ನೇ ಕೇಳಿ

ಖರ್ಚಿಗಿಂತ ಮೊದಲು ನೋಡಬೇಕಾದದ್ದು ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ ಎಂಬುದು. ಸಕ್ಕರೆ ಕಾಯಿಲೆ ಇರುವವರು ಇದನ್ನು ಬಿಡಲೇಬಾರದು. ಮಲಗಿ ಕಣ್ಣು ಮುಚ್ಚಿಕೊಳ್ಳಿ. ಮನೆಯವರೊಬ್ಬರು ನಿಮ್ಮ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಲಿ. ಒತ್ತಬಾರದು, ತಿಕ್ಕಬಾರದು, ಚುಚ್ಚಬಾರದು. ಎರಡೂ ಪಾದ ಸೇರಿ ಆರು ಜಾಗ. ಮುಟ್ಟಿದಾಗಲೆಲ್ಲ ಎಡ, ಬಲ ಎಂದು ಹೇಳಿ. ಆರರಲ್ಲಿ ಎರಡೋ ಹೆಚ್ಚೋ ಗೊತ್ತಾಗದೆ ಹೋದರೆ ಪಾದದ ನರ ಸೊರಗಿದೆ ಎಂದು ತಿಳಿಯಿರಿ. ಅಂಥವರಿಗೆ ಕೆಳಗೆ ಬರುವ ಬಿಸಿಯ ಉಪಾಯಗಳು ಯಾವುವೂ ಬೇಡ. ಸುಟ್ಟದ್ದು ಅವರಿಗೆ ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ.

ಎರಡನೆಯದು ಬಿಪಿ. ಅಳೆಯುವ ಮೊದಲು ಅರ್ಧ ಗಂಟೆ ಚಹಾ, ಬೀಡಿ ಇಲ್ಲದೆ, ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕೂತಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಬೇಸಿಗೆಯಲ್ಲಿ ಬಿಪಿ ಇಳಿದು ಗುಳಿಗೆ ಕಡಿಮೆ ಮಾಡಿಸಿಕೊಂಡವರು ಚಳಿ ಬಿದ್ದ ಮೇಲೆ ಮತ್ತೊಮ್ಮೆ ತೋರಿಸುವುದು ಒಳ್ಳೆಯದು. ಇಲ್ಲಿ ಬೇಸಿಗೆಗೂ ಚಳಿಗೂ ಇರುವ ಅಂತರ ಸಣ್ಣದಲ್ಲ.

ಮೂರನೆಯದು, ಕಾಲು ಬರೀ ತಣ್ಣಗಾಗುತ್ತದೆಯೋ, ಸಂಜೆಗೆ ಬಾತುಕೊಳ್ಳುತ್ತದೆಯೋ? ತಣ್ಣಗಾಗುವುದು ರಕ್ತ ಕೆಳಕ್ಕೆ ಹರಿಯುವ ದಾರಿಯ ಮಾತು, ಬಾವು ಹೆಚ್ಚಾಗಿ ಮೇಲಕ್ಕೆ ಮರಳುವ ದಾರಿಯ ಮಾತು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಕೆಡುಕು ಮಾಡಬಹುದು. ಇಷ್ಟು ಗೊತ್ತಾದ ಮೇಲೆಯೇ ನಿಮ್ಮ ಕೈಯಲ್ಲಿರುವ ಹೊತ್ತು, ದುಡ್ಡು ಮತ್ತು ಪರಿಣಾಮ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಲೆಕ್ಕ.

ನಡಿಗೆ ಮತ್ತು ತುದಿಗಾಲು

ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಮೀನಖಂಡ. ಅದು ಕುಗ್ಗಿದಾಗ ಒಳಗಿನ ರಕ್ತನಾಳ ಹಿಂಡಿ ರಕ್ತ ಹೃದಯದ ಕಡೆ ಏರುತ್ತದೆ, ನಾಳದೊಳಗಿನ ಕವಾಟಗಳು ಅದನ್ನು ಮರಳಿ ಬೀಳಗೊಡುವುದಿಲ್ಲ. ಬಿಸಿನೀರು, ಎಣ್ಣೆ, ಮಸಾಜ್ ಮಷಿನ್ ಇವುಗಳ ಫಲ ಕೆಲವು ಗಂಟೆಯದು. ನಡಿಗೆಯೊಂದರ ಫಲ ವಾರದಿಂದ ವಾರಕ್ಕೆ ಕೂಡುತ್ತ ಹೋಗುತ್ತದೆ. ಬಿಪಿ ಇಳಿಸುತ್ತದೆ, ನಿದ್ದೆ ತರುತ್ತದೆ. ಈ ಪಟ್ಟಿಯಲ್ಲಿ ಒಂದನ್ನೇ ಆರಿಸಬೇಕೆಂದರೆ ಇದನ್ನೇ ಆರಿಸಬೇಕು.

ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ 30ರಂತೆ ಐದು ದಿನ. ಹತ್ತತ್ತು ನಿಮಿಷದ ಮೂರು ಕಂತಾದರೂ ಸರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು.

ಎಡವುವುದು ಹೊತ್ತಿನ ವಿಷಯದಲ್ಲಿ. ನಸುಕಿನ ಐದಕ್ಕೆ ಎದ್ದು ಹೋದರೇ ವಾಕಿಂಗ್ ಎಂಬ ನಂಬಿಕೆ ಚಳಿಗಾಲಕ್ಕೆ ಸರಿಯಲ್ಲ. ಆ ಹೊತ್ತಿಗೆ ಬಿಪಿ ತಾನಾಗಿಯೇ ಏರುತ್ತಿರುತ್ತದೆ, ಜೊತೆಗೆ ಚಳಿ. ಸಾಲದ್ದಕ್ಕೆ ನೆಲದ ಮೇಲಿನ ತಣ್ಣನೆ ಗಾಳಿ ಮೇಲೇಳದೆ ಲಾರಿಯ ಧೂಳು, ಹೊಗೆಯನ್ನು ಮೂಗಿನ ಮಟ್ಟದಲ್ಲೇ ಹಿಡಿದಿಟ್ಟಿರುತ್ತದೆ. ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲು ಬಿದ್ದ ಮೇಲೆ, ಏಳೂವರೆಯಿಂದ ಒಂಬತ್ತರೊಳಗೆ ಹೋಗಿ. ಸಂಜೆ ಐದರ ಹೊತ್ತೂ ಒಳ್ಳೆಯದೇ. ಹೊರಡುವ ಮೊದಲು ಮನೆಯೊಳಗೆ 5 ನಿಮಿಷ ಅಡ್ಡಾಡಿ ಮೈ ಬೆಚ್ಚಗೆ ಮಾಡಿಕೊಳ್ಳಿ, ಕಿವಿಗೆ ಮಫ್ಲರ್ ಕಟ್ಟಿ.

ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೆ ಹೊರಗೆ ಹೋಗುವ ಪುರುಸೊತ್ತೆಲ್ಲಿದೆ? ಹಿಂದೆ ತುಳಿಯುವ ಮಷಿನಿನಲ್ಲಿ ಬಟ್ಟೆ ಹೊಲಿಯುತ್ತಲೇ ಮೀನಖಂಡಕ್ಕೆ ಕೆಲಸ ಸಿಗುತ್ತಿತ್ತು. ಮೋಟಾರು ಬಂದು ಕಾಲು ಸುಮ್ಮನಾಯಿತು. ಅವರಿಗೆ ಉಪಾಯ ತುದಿಗಾಲು. ಮುಕ್ಕಾಲು ಗಂಟೆಗೊಮ್ಮೆ ಎದ್ದು ಟೇಬಲ್ ಹಿಡಿದು, 2 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ 3 ಸೆಕೆಂಡಿನಲ್ಲಿ ನಿಧಾನಕ್ಕೆ ಇಳಿಸಿ. ಹೀಗೆ 15 ಸಲ. ಒಂದೂಕಾಲು ನಿಮಿಷದ ಕೆಲಸ. ಕುಪ್ಪಳಿಸಿದರೆ ಹಿಮ್ಮಡಿಯ ಮೇಲಿನ ನರ ಹಿಡಿದುಕೊಳ್ಳುತ್ತದೆ. ಏಳಲು ಆಗದಿದ್ದರೆ ಕೂತಲ್ಲೇ ಪಾದವನ್ನು ಮುಂದಕ್ಕೂ ಹಿಂದಕ್ಕೂ 30 ಸಲ ಬಾಗಿಸಿ.

ಒಂದು ಎಚ್ಚರಿಕೆ: ಇಂತಿಷ್ಟು ದೂರ ನಡೆದ ಕೂಡಲೇ ಮೀನಖಂಡ ಹಿಡಿದು, ನಿಂತರೆ ಕೆಲವು ನಿಮಿಷದಲ್ಲಿ ಬಿಟ್ಟು, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತಿದ್ದರೆ ಅದು ಚಳಿಯ ನೋವಲ್ಲ. ಕಾಲಿಗೆ ರಕ್ತ ತರುವ ನಾಳ, ಅಂದರೆ ಅಪಧಮನಿ, ಕಿರಿದಾಗಿರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ತೋಳಿನ ಬಿಪಿಗೂ ಕಣಕಾಲಿನ ಬಿಪಿಗೂ ಹೋಲಿಸಿ ನೋಡುವ ಪರೀಕ್ಷೆ ಇದೆ, ಮಾಡಿಸಿ.

ಬಿಸಿನೀರಿನಲ್ಲಿ ಕಾಲು

ನಿದ್ದೆ ಬಾರದವರಿಗೆ, ತಲೆಯಲ್ಲಿ ಯೋಚನೆ ಸುತ್ತುವವರಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಪಾದ ಬೆಚ್ಚಗಾದರೆ ಅಲ್ಲಿನ ನಾಳಗಳು ಹಿಗ್ಗಿ ದೇಹದೊಳಗಿನ ಬಿಸಿ ಹೊರಗೆ ಹೋಗುತ್ತದೆ. ಒಳಗಿನ ಬಿಸಿ ಸ್ವಲ್ಪ ಇಳಿಯುವುದೇ ನಿದ್ದೆಗೆ ಸೂಚನೆ. ಮಲಗುವುದಕ್ಕೆ ಒಂದು ಗಂಟೆ ಮೊದಲು, 15 ನಿಮಿಷ. ನೀರು 38ರಿಂದ 40 ಡಿಗ್ರಿ, ಕಣಕಾಲಿನ ಮೇಲೆ ನಾಲ್ಕು ಬೆರಳು ಬರುವಷ್ಟು. ಅಗಲದ ಟಬ್ಬಾದರೆ ಏಳು ಲೀಟರ್ ಹಿಡಿಯುತ್ತದೆ.

ನೀರು ಬೆರೆಸುವಲ್ಲಿಯೇ ನಮ್ಮ ಕಡೆ ತಪ್ಪು ಆಗುವುದು. ಬೆಳಿಗ್ಗೆ ನಳದ ನೀರು 20 ಡಿಗ್ರಿ ಇದೆ ಎನ್ನಿ. ಐದೂವರೆ ಲೀಟರಿಗೆ ಎರಡು ಲೀಟರ್ ಕುದಿಯುವ ನೀರು ಸೇರಿಸಿದರೆ ಸರಿಸುಮಾರು 40 ಆಗುತ್ತದೆ. ಅದೇ ಅಳತೆಯನ್ನು ರಾತ್ರಿ ಬೆರೆಸಿದರೆ? ಮಾಳಿಗೆಯ ಮೇಲಿನ ಕರಿ ಟ್ಯಾಂಕಿನ ನೀರು ಹಗಲೆಲ್ಲ ಬಿಸಿಲು ಕಾಯ್ದು ರಾತ್ರಿಗೂ 28 ಡಿಗ್ರಿ ಉಳಿದಿದ್ದರೆ ಟಬ್ಬಿನ ನೀರು 46 ದಾಟುತ್ತದೆ. ಸೂಕ್ಷ್ಮ ಚರ್ಮಕ್ಕೆ, ಮುದುಕರ ಪಾದಕ್ಕೆ ಅದು ಹೆಚ್ಚಾಯಿತು. ರಾತ್ರಿಗೆ ಆರು ಲೀಟರ್ ಟ್ಯಾಂಕಿನ ನೀರಿಗೆ ಒಂದೂಕಾಲು ಲೀಟರ್ ಕುದಿನೀರು ಸಾಕು. ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಕಲಸಿ, ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ. ಅಡಿಗೆ ಕೆಲಸದಲ್ಲಿ ಕಾದ ಅಂಗೈಯನ್ನು ಇದಕ್ಕೆ ನಂಬಬೇಡಿ. ನಡುವೆ ಬಿಸಿ ಸೇರಿಸಬೇಕೆಂದರೆ ಕಾಲು ಹೊರಗೆ ತೆಗೆದೇ ಸೇರಿಸಿ.

ಹೀಟರ್ ರಾಡ್ ಬಳಸುವವರು ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಬೇಕು, ಸ್ವಿಚ್ ಆರಿಸಿದರೆ ಸಾಲದು. ಖರ್ಚಿನ ಲೆಕ್ಕ ಕೇಳಿದರೆ, ಏಳು ಲೀಟರನ್ನು 20ರಿಂದ 40ಕ್ಕೆ ಏರಿಸಲು ಒಂದು ಯೂನಿಟ್ಟಿನ ಆರನೇ ಒಂದು ಭಾಗ; 1500 ವ್ಯಾಟಿನ ರಾಡಿಗೆ ಆರೇಳು ನಿಮಿಷ.

ನೀರಿಗೆ ಉಪ್ಪು ಹಾಕಬೇಕೇ ಎಂದು ಬಹಳ ಜನ ಕೇಳುತ್ತಾರೆ. ಕೆಲಸ ಮಾಡುವುದು ಬಿಸಿ, ಉಪ್ಪಲ್ಲ. ಈ ಒಣಗಾಳಿಯಲ್ಲಿ ಉಪ್ಪು ಹಿಮ್ಮಡಿಯನ್ನು ಇನ್ನಷ್ಟು ಒಣಗಿಸುತ್ತದೆ. ಮುಗಿದ ಮೇಲೆ ಬೆರಳ ಸಂದು ಒರೆಸಿ, ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ, ಸಡಿಲ ಕಾಲುಚೀಲ ಹಾಕಿ. ಸಂದಿಗೆ ಮಾತ್ರ ಎಣ್ಣೆ, ವ್ಯಾಸಲೀನ್ ಬೇಡ. ಒದ್ದೆ ನಿಂತು ಬೂಷ್ಟು ಹಿಡಿಯುತ್ತದೆ.

ಯಾರಿಗೆ ಬೇಡ: ಸ್ಪರ್ಶ ಪರೀಕ್ಷೆಯಲ್ಲಿ ಸೋತವರಿಗೆ, ಪಾದದಲ್ಲಿ ಗಾಯ ಇರುವವರಿಗೆ, ಉಬ್ಬಿದ ನರ ಅಥವಾ ಸಂಜೆಯ ಬಾವು ಇರುವವರಿಗೆ. ಬಿಸಿಗೆ ನಾಳ ಹಿಗ್ಗಿ ಬಾವು ಹೆಚ್ಚುತ್ತದೆ. ಅಂಥವರು ರಾತ್ರಿ ಕಾಲಿನಡಿ ಎರಡು ದಿಂಬಿಟ್ಟು 15 ನಿಮಿಷ ಮಲಗಲಿ, ಕಾಸು ಖರ್ಚಿಲ್ಲ. ಬಿಸಿನೀರಿನ ರಬ್ಬರ್ ಚೀಲದ ಮಾತೂ ಹೀಗೆಯೇ: ಕುದಿನೀರು ಹಾಕದೆ, ಮೂರರಲ್ಲಿ ಎರಡು ಪಾಲು ತುಂಬಿ, ಗಾಳಿ ಹೊರಡಿಸಿ, ಟವೆಲ್ ಸುತ್ತಿ ಹಾಸಿಗೆ ಬೆಚ್ಚಗೆ ಮಾಡಿ, ಮಲಗುವ ಮೊದಲು ತೆಗೆದಿಡಿ. ಪಾದಕ್ಕೆ ಒತ್ತಿಕೊಂಡು ನಿದ್ದೆ ಹೋಗಬಾರದು.

ಎಣ್ಣೆ ತಿಕ್ಕಿ ನೀರು ಹಾಕಿಕೊಳ್ಳುವುದು

ಎಣ್ಣೆ ನೀರು ನಮ್ಮ ಮನೆಗಳಿಗೆ ಹೊಸದಲ್ಲ. ರಕ್ತಸಂಚಾರಕ್ಕೆ ಅದರ ಸಹಾಯ ಮಿತವಾದದ್ದು: ತಿಕ್ಕಿದ ಜಾಗದಲ್ಲಿ ಸ್ವಲ್ಪ ಹೊತ್ತು ರಕ್ತ ಹೆಚ್ಚು ಹರಿಯುತ್ತದೆ, ಅಷ್ಟೇ. ಆದರೆ ಬಿಗಿದ ಹೆಗಲು ಸಡಿಲಾಗುವುದಕ್ಕೆ, ಚರ್ಮ ಒಡೆಯದಂತೆ ಕಾಯುವುದಕ್ಕೆ, ಬೇರೆಯವರ ಕೈ ಮೈಮೇಲೆ ಬಿದ್ದಾಗ ಮನಸ್ಸು ಹಗುರಾಗುವುದಕ್ಕೆ ಇದನ್ನು ಮೀರಿಸುವುದು ಕಷ್ಟ.

ವಾರಕ್ಕೆ ಎರಡು ಸಲ, ಸಲಕ್ಕೆ 30 ಮಿಲಿ ಎಂದರೆ ತಿಂಗಳಿಗೆ ಕಾಲು ಲೀಟರಿನ ಲೆಕ್ಕ. ಎಳ್ಳೆಣ್ಣೆ ಅಥವಾ ಕುಸುಬಿ ಎಣ್ಣೆ ಇಲ್ಲಿನ ಚಳಿಗೆ ಹೊಂದುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ಬೆಳಿಗ್ಗೆ ಡಬ್ಬಿಯಿಂದ ಕೆರೆದು ತೆಗೆಯಬೇಕು. ಔಡಲ ಎಣ್ಣೆ ಒಂದೇ ಹಚ್ಚಿದರೆ ಅಂಟು ಬಿಡದು. ಒಂದು ಪಾಲಿಗೆ ಮೂರು ಪಾಲು ಎಳ್ಳೆಣ್ಣೆ ಬೆರೆಸಿ. ಎಣ್ಣೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕಾಯಿಸಬೇಕು, ಒಲೆಯ ಮೇಲೆ ನೇರವಾಗಿ ಬೇಡ. ಕಾಲನ್ನು ಪಾದದಿಂದ ಮಂಡಿಯ ಕಡೆಗೆ ಉದ್ದಕ್ಕೆ ತಿಕ್ಕಿ, ಕೀಲಿನ ಸುತ್ತ ದುಂಡಗೆ.

ಕೆಡುವುದು ಬಚ್ಚಲಲ್ಲಿ. ಎಣ್ಣೆ ಕಾಲು, ನುಣುಪು ಕಲ್ಲು, ಮೇಲೆ ಸೋಪಿನ ನೊರೆ. ಬಿಸಿನೀರಿಗೆ ನಾಳ ಹಿಗ್ಗಿದಾಗ ಬಿಪಿ ಗುಳಿಗೆ ನುಂಗುವವರಿಗೆ ಏಳುವಾಗ ಕಣ್ಣು ಕತ್ತಲೆ ಬರುತ್ತದೆ. ಕೂರಲು ಸ್ಟೂಲು, ಕಾಲಡಿ ರಬ್ಬರ್ ಮ್ಯಾಟು, ಎದ್ದ ಮೇಲೆ ಒಂದು ನಿಮಿಷ ಗೋಡೆ ಹಿಡಿದು ನಿಲ್ಲುವುದು, ಈ ಮೂರೂ ಇರಲಿ. ಗ್ಯಾಸ್ ಗೀಜರ್ ಇದ್ದರೆ ಚಳಿ ಎಂದು ಬಚ್ಚಲ ಕಿಟಕಿ ಮುಚ್ಚಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಂಪರು ಹತ್ತಿದ ಮೇಲೆ ಬಾಗಿಲು ತೆಗೆಯಲೂ ಶಕ್ತಿ ಇರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬುಟ್ಟಿ ಇಟ್ಟು ಮಲಗುವುದೂ ಅಷ್ಟೇ ಅಪಾಯ.

ಒಂದೇ ಮೀನಖಂಡ ಬಾತು, ಬೆಚ್ಚಗಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಅವತ್ತೇ ಆಸ್ಪತ್ರೆಗೆ ಹೋಗಿ. ಕಾಲೊಂದು ಇದ್ದಕ್ಕಿದ್ದಂತೆ ಬಿಳಿಚಿ ಅಥವಾ ನೀಲಿಯಾಗಿ ತಣ್ಣಗಾದರೆ, ಎದೆ ಹಿಂಡಿದಂತಾದರೆ 108ಕ್ಕೆ ಫೋನ್ ಮಾಡಿ.

ಬಿಗಿ ಕಾಲುಚೀಲ, ಮಸಾಜ್ ಮಷಿನ್

ಕಂಪ್ರೆಷನ್ ಸ್ಟಾಕಿಂಗ್ಸ್ ಬೆಚ್ಚಗೆ ಮಾಡುವ ವಸ್ತುವಲ್ಲ, ಬಾವು ತಡೆಯುವ ವಸ್ತು. ಕಣಕಾಲಿನಲ್ಲಿ ಹೆಚ್ಚು, ಮೇಲೇರಿದಂತೆ ಕಡಿಮೆ ಒತ್ತಡ ಇರುವಂತೆ ನೇಯ್ದಿರುತ್ತಾರೆ. ದಿನವಿಡೀ ನಿಲ್ಲುವ ಸೆಕ್ಯೂರಿಟಿಯವರಿಗೆ, ಅಂಗಡಿಯವರಿಗೆ, ಉಬ್ಬಿದ ನರ ಇರುವವರಿಗೆ ಇದು ನಿಜವಾದ ಆಯ್ಕೆ. 15ರಿಂದ 20 ಎಂಎಂ (ಬಿಪಿ ಅಳೆಯುವ ಪಾದರಸದ ಅಳತೆಯೇ) ಒತ್ತಡದ್ದು ಶುರುವಿಗೆ ಸಾಕು. 20ರಿಂದ 30ರದ್ದನ್ನು ಡಾಕ್ಟರ್ ಹೇಳದೆ ಕೊಳ್ಳಬೇಡಿ. ಅಳತೆ ಕೊಡುವುದು ಬೆಳಿಗ್ಗೆ, ಬಾವು ಇಲ್ಲದಾಗ: ಕಣಕಾಲಿನ ಅತಿ ಸಣ್ಣ ಸುತ್ತಳತೆ, ಮೀನಖಂಡದ ಅತಿ ದಪ್ಪ ಸುತ್ತಳತೆ, ಹಿಮ್ಮಡಿಯಿಂದ ಮಂಡಿ ಮಡಿಕೆಯವರೆಗಿನ ಎತ್ತರ. ಬರೀ ಚಪ್ಪಲಿ ನಂಬರು ಕೇಳಿ ಕೊಡುವ ಅಂಗಡಿಯಲ್ಲಿ ಕೊಳ್ಳಬೇಡಿ. ಹಾಸಿಗೆಯಿಂದ ಕಾಲು ಇಳಿಸುವ ಮೊದಲೇ ಹಾಕಿ ಮಲಗುವಾಗ ತೆಗೆಯಬೇಕು. ಮಂಡಿಯ ಕೆಳಗೆ ಸುರುಳಿಯಾಗಿ ಮಡಚಿದರೆ ಅದೇ ದಾರ ಕಟ್ಟಿದಂತಾಗಿ ಬಾವು ಹೆಚ್ಚುತ್ತದೆ. ಆರು ತಿಂಗಳಿಗೆ ಎಲಾಸ್ಟಿಕ್ ಸಡಿಲಾಗುತ್ತದೆ, ಆ ಖರ್ಚನ್ನೂ ಲೆಕ್ಕ ಹಿಡಿಯಿರಿ. ಅಪಧಮನಿ ಕಿರಿದಾದವರು, ಪಾದದ ಸ್ಪರ್ಶ ಹೋದವರು ಡಾಕ್ಟರನ್ನು ಕೇಳದೆ ಹಾಕಲೇಬಾರದು.

ಚಳಿಗಷ್ಟೇ ಬೇಕಾದರೆ ಉಣ್ಣೆಯ ಸಡಿಲ ಕಾಲುಚೀಲ, ಮನೆಯೊಳಗೊಂದು ಜೊತೆ ಚಪ್ಪಲಿ, ರಾತ್ರಿ ಕೌದಿಯ ಮೇಲೆ ಕಂಬಳಿ. ಹತ್ತಿಯ ಚೀಲ ಬೆವರಿಗೆ ಒದ್ದೆಯಾದರೆ ಕಾಲು ಇನ್ನೂ ತಣ್ಣಗಾಗುತ್ತದೆ.

ಕಾಲು ಒತ್ತುವ ಮಷಿನ್ ಹಲವು ಸಾವಿರದ ಬಾಬ್ತು. ಹಿತವೆನಿಸುತ್ತದೆ, ಸುಳ್ಳಲ್ಲ. ಆದರೆ ನಡಿಗೆ ಮಾಡುವ ಕೆಲಸವನ್ನು ಅದು ಮಾಡದು, ಮೂರು ತಿಂಗಳಿಗೆ ಮಂಚದಡಿ ಸೇರುವುದೇ ಹೆಚ್ಚು. ದುಡ್ಡಿದ್ದರೂ ಅದಕ್ಕಿಂತ ಮೊದಲು ಒಳ್ಳೆಯ ಬೂಟು, ತೋಳಿಗೆ ಕಟ್ಟುವ ಬಿಪಿ ಮಷಿನ್ ಕೊಳ್ಳಿ.

ಉಸಿರು

ಮನಸ್ಸಿನ ಬಿಗಿತಕ್ಕೆ ಬಿಡಿಗಾಸಿಲ್ಲದ ಮದ್ದು ಇದು. 4 ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರು. ಗಡಿಯಾರ ನೋಡಬೇಕಿಲ್ಲ, ನಾಲ್ಕು ಬೆರಳಿನ ಹನ್ನೆರಡು ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸುತ್ತ ಹೋದರೆ ಒಂದು ಸುತ್ತಿಗೆ 2 ನಿಮಿಷ, ಎರಡೂವರೆ ಸುತ್ತಿಗೆ 5 ನಿಮಿಷ. ಹೊರಗೆ ಬಿಡುವ ಉಸಿರು ಉದ್ದವಾದಾಗ ನಾಡಿ ನಿಧಾನವಾಗುತ್ತದೆ. ತಲೆ ಸುತ್ತಿದರೆ ತುಂಬ ಆಳಕ್ಕೆ ಎಳೆಯುತ್ತಿದ್ದೀರಿ ಎಂದರ್ಥ. ಉದ್ದ ಮಾಡಿ, ಜೋರು ಮಾಡಬೇಡಿ. ಹೆಚ್ಚು ಬಿಪಿ, ಹರ್ನಿಯಾ ಇರುವವರು, ಬಸುರಿಯರು ಉಸಿರನ್ನು ಜೋರಾಗಿ ಹೊರದೂಡುವ ಕಪಾಲಭಾತಿ ಮಾಡಬಾರದು, ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ ಆಗಬಹುದು. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದು ಬರೀ ಚಳಿಯಲ್ಲ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕ್ಯಾಪ್ಸೂಲು, ಕಷಾಯ

ಸಜ್ಜಿ ರೊಟ್ಟಿಗೆ ಎಳ್ಳು, ಗುರೆಳ್ಳು ಚಟ್ನಿ, ಬೆಳ್ಳುಳ್ಳಿ ಎಲ್ಲ ಊಟವಾಗಿ ಚೆನ್ನ. ಬೆಳ್ಳುಳ್ಳಿಯದೇ ಸಾರ ತೆಗೆದು 'ರಕ್ತ ತೆಳು ಮಾಡುತ್ತದೆ' ಎಂದು ಡಬ್ಬಿಯಲ್ಲಿ ಮಾರುವುದು ಬೇರೆ ಮಾತು. ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ನುಂಗುವವರು ಅದನ್ನೂ ಸೇರಿಸಿಕೊಂಡರೆ ರಕ್ತಸ್ರಾವದ ಭಯ. ಕೆಮ್ಮಿಗೆಂದು ದಿನಾ ಕುಡಿಯುವ ಕಷಾಯದ ಜ್ಯೇಷ್ಠಮಧು ಬಿಪಿ ಏರಿಸುತ್ತದೆ, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಶೀತದ ಗುಳಿಗೆಗಳೂ ಏರಿಸುತ್ತವೆ. ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎನ್ನುವವರಿಗೆ: ಚರ್ಮದ ನಾಳ ಹಿಗ್ಗಿ ಬಿಸಿ ಎನಿಸುತ್ತದೆ, ಒಳಗಿನ ಬಿಸಿ ಮಾತ್ರ ಹೊರಗೆ ಸೋರುತ್ತಿರುತ್ತದೆ. ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿದರೆ ಕೈಕಾಲು ತಣ್ಣಗಿರುವುದರ ಕಾರಣವಾದರೂ ತಿಳಿಯಬಹುದು.

ಯಾರು ಏನು ಆರಿಸಬೇಕು

ಕೂತು ಕೆಲಸ, ಕಾಲು ತಣ್ಣಗೆ, ಬೇರೆ ಕಾಯಿಲೆ ಇಲ್ಲ: ಹಗಲು ತುದಿಗಾಲು, ರಾತ್ರಿ ಬಿಸಿನೀರು. ಖರ್ಚು ಕರೆಂಟಿನದಷ್ಟೇ.

ಕಾರ್ಖಾನೆ ಗೇಟಿನಲ್ಲಿ ರಾತ್ರಿ ಪಾಳಿ ನಿಲ್ಲುವವರು, ಪಾಳಿ ಮುಗಿಯುವ ಹೊತ್ತಿಗೆ ಬಾವು: ಅಳತೆ ಕೊಟ್ಟು ಕೊಂಡ ಕಂಪ್ರೆಷನ್ ಸ್ಟಾಕಿಂಗ್ಸ್, ಮನೆಗೆ ಬಂದು ಕಾಲು ಮೇಲಿಟ್ಟು ಮಲಗುವುದು, ಮಲಗುವ ಮುನ್ನ 5 ನಿಮಿಷ ಉಸಿರು. ಬಿಸಿನೀರು ಬೇಡ.

ಸಕ್ಕರೆ ಇದ್ದು ಸ್ಪರ್ಶ ಕಡಿಮೆಯಾದವರು: ಮುಚ್ಚಿದ ಮೆತ್ತನೆ ಬೂಟಿನಲ್ಲಿ ಬಿಸಿಲು ಬಿದ್ದ ಮೇಲೆ ನಡಿಗೆ, ಉಣ್ಣೆ ಚೀಲ, ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು. ನಡೆಯುವ ಮೊದಲು ಬೂಟನ್ನು ತಲೆಕೆಳಗು ಮಾಡಿ ಕೊಡವಿ. ಒಳಗೆ ಹರಳು ಸೇರಿದ್ದರೂ ಆ ಕಾಲಿಗೆ ತಿಳಿಯುವುದಿಲ್ಲ.

ಬಿಪಿ ಇರುವ ಹಿರಿಯರು: ತಡ ಬೆಳಗಿನ ನಡಿಗೆ, ಉಸಿರು, ವಾರಕ್ಕೊಂದು ಎಣ್ಣೆ ನೀರು, ಅದೂ ಮನೆಯಲ್ಲಿ ಇನ್ನೊಬ್ಬರು ಇರುವಾಗ.

ರಾಯಚೂರು ಕಡೆ ಹತ್ತಿ ಬಿಡಿಸುವವರಿಗೆ, ಎರಡನೇ ಬೆಳೆಗೆ ಕಾಲುವೆ ನೀರು ಸಿಕ್ಕ ವರ್ಷ ಗಂಗಾವತಿ, ಸಿಂಧನೂರಿನ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ನಡಿಗೆಯ ಪಾಠ ಬೇಕಿಲ್ಲ. ಅವರ ಕಾಲು ಹಗಲೆಲ್ಲ ತಣ್ಣೀರಿನಲ್ಲೋ ಇಬ್ಬನಿಯಲ್ಲೋ ನೆನೆದು ಬಂದಿರುತ್ತದೆ. ಸಂಜೆ ಮೊದಲು ಒರೆಸಿ ಒಣಗಿಸಬೇಕು. ಸೀಳು, ಗಾಯ ಇಲ್ಲದಿದ್ದರೆ ಮಾತ್ರ ಹತ್ತು ನಿಮಿಷ ಬಿಸಿನೀರು. ಸೀಳಿದ್ದರೆ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಹಿಮ್ಮಡಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿ ಹಳೆಯ ಕಾಲುಚೀಲ ಹಾಕಿ ಮಲಗಿದರೆ ವಾರದೊಳಗೆ ಅಂಚು ಮೆತ್ತಗಾಗುತ್ತದೆ. ಕೀವು ಕಂಡರೆ ಅಥವಾ ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ ಮರುದಿನ ಗದ್ದೆಗೆ ಇಳಿಯಬಾರದು.